ಸಂಜ್ಞೆ ಮತ್ತು ಅಧಿಕಾರ: ಮೋಟಾರು ಡ್ರೈವಿನ ಗುಂಡಿಫಲಕವನ್ನು ಓದುವ ಕ್ರಮ

ವ್ಯಾಕರಣಶಾಸ್ತ್ರವನ್ನು ಗುರುಮುಖದಿಂದ ಕಲಿತವರಿಗೆಲ್ಲ ಒಂದು ಅನುಭವವು ಸಮಾನವಾದುದು. ಬಾಲ್ಯದಲ್ಲಿ ಸೂತ್ರಗಳನ್ನು ಕಂಠಪಾಠಮಾಡುವಾಗ ‘ಘು’, ‘ಟಿ’, ‘ಭ’ ಎಂಬ ಸಂಜ್ಞೆಗಳು ನಾಲಗೆಯ ಮೇಲೆ ಸಲೀಸಾಗಿ ಹರಿದಾಡುವುವು. ಅವುಗಳ ಅರ್ಥವು ಮನಸ್ಸಿಗೆ ಹತ್ತುವುದು ಬಹುಕಾಲದ ತರುವಾಯ. ಆ ನಡುವೆ ವಿದ್ಯಾರ್ಥಿಯು ಸೂತ್ರವನ್ನು ತಪ್ಪಾಗಿ ಪ್ರಯೋಗಿಸಿದರೆ ಆಗುವ ಹಾನಿಯು ಒಂದು ಅಪಶಬ್ದ ಮತ್ತು ಗುರುಗಳ ಒಂದು ಗದರಿಕೆ, ಇಷ್ಟೇ. ಆದರೆ ಅರ್ಥವನ್ನರಿಯದೆ ಸಂಜ್ಞೆಗಳನ್ನು ಮಾತ್ರ ಬಾಯಿಪಾಠಮಾಡಿ ಕೆಲಸ ನಡೆಸುವ ಪದ್ಧತಿಯು ಇಂದಿನ ಕಾರ್ಖಾನೆಗಳಲ್ಲಿಯೂ ಉಂಟು. ಅಲ್ಲಿ ತಪ್ಪಿದರೆ ಹೋಗುವುದು ಕೈ, ಒಮ್ಮೊಮ್ಮೆ ಪ್ರಾಣವೇ.

ಈ ವಿಷಯವು ನನ್ನ ಗಮನಕ್ಕೆ ಬಂದ ಸಂದರ್ಭವನ್ನು ಎರಡು ಮಾತುಗಳಲ್ಲಿ ಅರಿಕೆಮಾಡುವೆನು. ಬಂಧುಗಳೊಬ್ಬರ ಅಕ್ಕಿಗಿರಣಿಯಲ್ಲಿ ದೊಡ್ಡದೊಂದು ಗಾಳಿಯ ಫ್ಯಾನು ಇದೆ. ಅದರ ಮೋಟಾರನ್ನು ‘ಡ್ರೈವ್’ ಎಂಬ ವಿದ್ಯುತ್ಪೆಟ್ಟಿಗೆಯೊಂದು ನಡೆಸುತ್ತದೆ. ಒಂದು ದಿನ ಬೆಲ್ಟು ಜಾರುವ ಶಬ್ದವನ್ನು ಕೇಳಿ ಕೆಲಸಗಾರನು ಓಡಿಬಂದು ಪೆಟ್ಟಿಗೆಯ ಮೇಲಿನ ‘ಸ್ಟಾಪ್’ ಗುಂಡಿಯನ್ನು ಒತ್ತಿದನು. ಫ್ಯಾನು ನಿಲ್ಲಲಿಲ್ಲ. ಮತ್ತೆ ಮತ್ತೆ ಒತ್ತಿದರೂ ನಿಲ್ಲಲಿಲ್ಲ. ಅವನು ಮುಖ್ಯ ಸ್ವಿಚ್ಚಿನ ಕಡೆಗೆ ಧಾವಿಸುವಷ್ಟರಲ್ಲಿ ಬೆಲ್ಟು ಹರಿದು ಗೋಡೆಗೆ ಅಪ್ಪಳಿಸಿತು. ದೈವಕೃಪೆಯಿಂದ ಯಾರಿಗೂ ಪೆಟ್ಟಾಗಲಿಲ್ಲ. ಯಂತ್ರವು ಕೆಟ್ಟಿದೆಯೆಂದು ಎಲ್ಲರೂ ಭಾವಿಸಿದರು. ಯಂತ್ರವು ಕೆಟ್ಟಿರಲಿಲ್ಲ, ಗುಂಡಿಯ ಮೇಲಿನ ಶಬ್ದವನ್ನು ಓದಿದವನಿಗೆ ಆ ಶಬ್ದದ ಅಧಿಕಾರವು ಎಲ್ಲಿಯವರೆಗೆ ಎಂಬುದು ತಿಳಿದಿರಲಿಲ್ಲ. ಆ ಕೆಲಸಗಾರನಿಗಾಗಿ ಕನ್ನಡದಲ್ಲಿ ಒಂದು ಸೂಚನಾಪತ್ರವನ್ನು ಬರೆದುಕೊಡಬೇಕೆಂದು ಬಂಧುಗಳು ನನ್ನನ್ನು ಕೇಳಿದರು. ಅದನ್ನು ಬರೆಯುವುದಕ್ಕಾಗಿ ನಾನು ಕಲಿತುದನ್ನು ವಿದ್ವಾಂಸರ ಮುಂದಿಡುವುದೇ ಈ ಲೇಖನದ ಉದ್ದೇಶ.

೧. ಯಂತ್ರದ ಸ್ವರೂಪ

ಗಿರಣಿ ಕಾರ್ಖಾನೆಗಳಲ್ಲಿ ಬಹುಮಟ್ಟಿಗೆ ಬಳಕೆಯಲ್ಲಿರುವುದು ಮೂರು ಫೇಸುಗಳ ಇಂಡಕ್ಷನ್ ಮೋಟಾರು. ಅದರ ವೇಗವು ಎರಡು ಸಂಗತಿಗಳನ್ನು ಅವಲಂಬಿಸಿದೆ: ವಿದ್ಯುತ್ತಿನ ಆವರ್ತನ, ಮತ್ತು ಮೋಟಾರಿನಲ್ಲಿ ಸುತ್ತಿರುವ ಧ್ರುವಗಳ ಸಂಖ್ಯೆ. ಆವರ್ತನವನ್ನು ೧೨೦ರಿಂದ ಗುಣಿಸಿ ಧ್ರುವಸಂಖ್ಯೆಯಿಂದ ಭಾಗಿಸಿದರೆ ಮೋಟಾರಿನೊಳಗಿನ ಕಾಂತಕ್ಷೇತ್ರವು ನಿಮಿಷಕ್ಕೆ ಎಷ್ಟು ಸುತ್ತು ತಿರುಗುವುದೆಂಬುದು ದೊರೆಯುತ್ತದೆ. ನಮ್ಮ ದೇಶದ ವಿದ್ಯುತ್ತಿನ ಆವರ್ತನವು ೫೦ ಹರ್ಟ್ಸ್. ನಾಲ್ಕು ಧ್ರುವಗಳ ಮೋಟಾರಿನಲ್ಲಿ ಕಾಂತಕ್ಷೇತ್ರವು ೧೫೦೦ ಸುತ್ತು ತಿರುಗುತ್ತದೆ. ಭಾರವನ್ನು ಹೊತ್ತ ಮೋಟಾರಿನ ದಂಡವು ಸ್ವಲ್ಪ ಹಿಂದುಳಿದು ಸುಮಾರು ೧೪೪೦ ಸುತ್ತು ತಿರುಗುತ್ತದೆ. ಧ್ರುವಗಳನ್ನು ಬದಲಿಸುವುದು ಸುಲಭವಲ್ಲ. ಆದುದರಿಂದ ವೇಗವನ್ನು ಬದಲಿಸಬೇಕಾದರೆ ಆವರ್ತನವನ್ನೇ ಬದಲಿಸಬೇಕು. ಡ್ರೈವು ಮಾಡುವ ಕೆಲಸವು ಇದೇ.

ಡ್ರೈವು ಹೊರಗಿನಿಂದ ಬರುವ ೪೧೫ ವೋಲ್ಟಿನ ಪರ್ಯಾಯ ವಿದ್ಯುತ್ತನ್ನು ಮೊದಲು ಏಕಮುಖ ವಿದ್ಯುತ್ತಾಗಿ ಮಾರ್ಪಡಿಸಿ, ಕೆಪ್ಯಾಸಿಟರುಗಳಲ್ಲಿ ಹಿಡಿದಿಡುತ್ತದೆ. ಅಲ್ಲಿ ವೋಲ್ಟೇಜು ೫೮೦ರ ಸುಮಾರಿಗೆ ಏರಿರುತ್ತದೆ. ಆಮೇಲೆ ಅದನ್ನು ಅತಿವೇಗದ ಟ್ರಾನ್ಸಿಸ್ಟರ್ ಸ್ವಿಚ್ಚುಗಳಿಂದ ತುಂಡುತುಂಡಾಗಿಸಿ, ಬೇಕಾದ ಆವರ್ತನದ ಪರ್ಯಾಯ ವಿದ್ಯುತ್ತಾಗಿ ಮರಳಿ ರೂಪಿಸಿ ಮೋಟಾರಿಗೆ ಕೊಡುತ್ತದೆ. ಆವರ್ತನವನ್ನು ತಗ್ಗಿಸುವಾಗ ವೋಲ್ಟೇಜನ್ನೂ ಅದೇ ಪ್ರಮಾಣದಲ್ಲಿ ತಗ್ಗಿಸಬೇಕು. ಇಲ್ಲದಿದ್ದರೆ ಮೋಟಾರಿನ ಕಬ್ಬಿಣದ ತಿರುಳಿನಲ್ಲಿ ಕಾಂತಪ್ರವಾಹವು ಮಿತಿಮೀರಿ ಕರೆಂಟು ಏರಿ ಸುರುಳಿಗಳು ಕಾಯುವುವು. ೪೧೫ನ್ನು ೫೦ರಿಂದ ಭಾಗಿಸಿದರೆ ಒಂದು ಹರ್ಟ್ಸಿಗೆ ೮.೩ ವೋಲ್ಟು. ೨೫ ಹರ್ಟ್ಸಿನಲ್ಲಿ ಓಡಿಸಬೇಕಾದರೆ ಸುಮಾರು ೨೦೭ ವೋಲ್ಟು ಸಾಕು.

ಇದರಿಂದಾಗುವ ಲಾಭವು ಅಲ್ಪವಲ್ಲ. ಫ್ಯಾನು ಹೀರುವ ಶಕ್ತಿಯು ಅದರ ವೇಗದ ಘನವನ್ನು ಅನುಸರಿಸುತ್ತದೆ. ವೇಗವನ್ನು ನೂರಕ್ಕೆ ಎಂಬತ್ತಕ್ಕೆ ಇಳಿಸಿದರೆ ಬೇಕಾಗುವ ಶಕ್ತಿಯು ಸುಮಾರು ಅರ್ಧಕ್ಕೆ ಇಳಿಯುತ್ತದೆ. ಸಣ್ಣ ಗಿರಣಿಯವರೂ ಡ್ರೈವನ್ನು ಕೊಳ್ಳುವುದಕ್ಕೆ ಕಾರಣವು ಇದೇ.

೨. ಗುಂಡಿಫಲಕದ ಲಿಪಿ

ಪೆಟ್ಟಿಗೆಯೊಳಗಿನ ಈ ವ್ಯವಹಾರಕ್ಕೆಲ್ಲ ಮನುಷ್ಯನ ಅಪ್ಪಣೆಯು ತಲುಪುವುದು ಅಂಗೈಯಗಲದ ಒಂದು ಫಲಕದ ಮೂಲಕ. ಕಾರ್ಖಾನೆಯವರು ಇದನ್ನು ‘ಕೀಪ್ಯಾಡ್’ ಎನ್ನುತ್ತಾರೆ. ಇಲ್ಲಿ ಇದನ್ನು ಗುಂಡಿಫಲಕವೆಂದು ಕರೆಯುವೆನು. ತಯಾರಕರು ಅನೇಕರು, ಅವರ ಸಂಕೇತಗಳೂ ಅನೇಕ. ವಿವರಣೆಯ ಅನುಕೂಲಕ್ಕಾಗಿ ಎ.ಬಿ.ಬಿ. ಸಂಸ್ಥೆಯ ‘ಎ.ಸಿ.ಎಸ್. ೫೫೦’ ಎಂಬ ಡ್ರೈವನ್ನೂ ಅದರ ಸಾಮಾನ್ಯ ಗುಂಡಿಫಲಕವನ್ನೂ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಇದು ಮೇಲೆ ಹೇಳಿದ ಗಿರಣಿಯ ಯಂತ್ರವಲ್ಲ. ಇದರ ಕೈಪಿಡಿಯು ವಿಶದವಾಗಿರುವುದರಿಂದ ಇದನ್ನು ಆರಿಸಿದೆನು. ಅಂಕಿಗಳು ಯಂತ್ರದಲ್ಲಿ ಪಾಶ್ಚಾತ್ಯ ಲಿಪಿಯಲ್ಲಿ ಕಾಣುವುವು. ಇಲ್ಲಿ ಕನ್ನಡದಲ್ಲಿ ಬರೆದಿದೆ.

ಫಲಕದಲ್ಲಿ ಒಂದು ಚಿಕ್ಕ ಪರದೆಯೂ ಎಂಟು ಗುಂಡಿಗಳೂ ಇವೆ: ಓಡಿಸುವುದು, ನಿಲ್ಲಿಸುವುದು, ತಿರುಗುವ ದಿಕ್ಕನ್ನು ಬದಲಿಸುವುದು, ಏರಿಸುವುದು, ಇಳಿಸುವುದು, ಒಳಹೊಕ್ಕು ಒಪ್ಪಿಸುವುದು, ಹೊರಬರುವುದು, ಮತ್ತು ‘ಲೋಕಲ್–ರಿಮೋಟ್’ ಎಂಬ ಗುಂಡಿ. ಈ ಕೊನೆಯದರ ವಿಷಯವನ್ನು ಮುಂದೆ ವಿಸ್ತರಿಸುವೆನು. ಪರದೆಯಲ್ಲಿ ಕಾಣುವುದು ಒಂದು ಸಂಖ್ಯೆ, ಅದರ ಏಕಮಾನ, ಸುತ್ತಲೂ ಎರಡು ಮೂರು ಸಂಕ್ಷಿಪ್ತ ಶಬ್ದಗಳು. ಅಷ್ಟರಲ್ಲಿಯೇ ನೂರಾರು ವಿಷಯಗಳನ್ನು ಹೇಳಬೇಕು. ಅರ್ಧಮಾತ್ರೆಯ ಲಾಘವಕ್ಕೂ ಸಂತೋಷಪಡುವ ನಮ್ಮ ವೈಯಾಕರಣರು ಈ ಸಂಕೋಚವನ್ನು ಕಂಡು ಆಶ್ಚರ್ಯಪಡಲಾರರು.

ಇನ್ನೊಂದು ಸೊಗಸಾದ ಸಾಮ್ಯವು ಇಲ್ಲಿ ಉಂಟು. ಒಂದೇ ಗುಂಡಿಯು ಒತ್ತಿದ ಕಾಲದ ಅಳತೆಗೆ ತಕ್ಕಂತೆ ಬೇರೆ ಬೇರೆ ಅರ್ಥವನ್ನು ಕೊಡುತ್ತದೆ. ಒಳಹೊಗುವ ಗುಂಡಿಯನ್ನು ಕ್ಷಣಮಾತ್ರ ಒತ್ತಿದರೆ ಮುಂದಿನ ಪಂಕ್ತಿಗೆ ಹೋಗುತ್ತೇವೆ. ಒಂದು ವಿಷಯದ ಸಂಖ್ಯೆಯು ಕಾಣುತ್ತಿರುವಾಗ ಅದನ್ನೇ ಸುಮಾರು ಎರಡು ಸೆಕೆಂಡು ಒತ್ತಿ ಹಿಡಿದರೆ ಅದರ ಬೆಲೆಯು ಕಾಣಿಸಿಕೊಂಡು, ಕೆಳಗೆ ‘ಸೆಟ್’ ಎಂಬ ಗುರುತು ಮೂಡುತ್ತದೆ. ಆಗ ಮಾತ್ರ ಆ ಬೆಲೆಯನ್ನು ತಿದ್ದಬಹುದು. ಹ್ರಸ್ವ ದೀರ್ಘಗಳ ಭೇದದಿಂದ ಶಬ್ದಾರ್ಥವು ಬೇರೆಯಾಗುವ ಭಾಷೆಯನ್ನಾಡುವ ನಮಗೆ ಇದು ಹೊಸದಲ್ಲ. ಆದರೆ ಯಾರೂ ಹೇಳಿಕೊಡದಿದ್ದರೆ ಕೆಲಸಗಾರನು ಹ್ರಸ್ವವನ್ನೇ ಹತ್ತು ಸಲ ಒತ್ತಿ ಬೇಸತ್ತು ಹೋಗುವನು.

೩. ಸಂಜ್ಞೆಗಳು ಮತ್ತು ಅವುಗಳ ಅರ್ಥ

ಡ್ರೈವಿಗೆ ತಿಳಿಸಬೇಕಾದ ಒಂದೊಂದು ಸಂಗತಿಗೂ ‘ಪ್ಯಾರಾಮೀಟರ್’ ಎಂದು ಹೆಸರು. ಒಂದೊಂದಕ್ಕೂ ನಾಲ್ಕು ಅಂಕಿಗಳ ಒಂದು ಸಂಜ್ಞೆಯುಂಟು. ಮೊದಲಿನ ಎರಡು ಅಂಕಿಗಳು ಗಣವನ್ನೂ, ಉಳಿದೆರಡು ಆ ಗಣದೊಳಗಣ ಸ್ಥಾನವನ್ನೂ ಹೇಳುತ್ತವೆ. ೯೯ ಎಂಬುದು ಮೋಟಾರಿನ ಪರಿಚಯದ ಗಣ. ಅದರಲ್ಲಿ ೯೯೦೫ ಮೋಟಾರಿನ ವೋಲ್ಟೇಜು, ೯೯೦೬ ಕರೆಂಟು, ೯೯೦೭ ಆವರ್ತನ, ೯೯೦೮ ವೇಗ, ೯೯೦೯ ಶಕ್ತಿ. ಈ ಐದು ಬೆಲೆಗಳನ್ನು ಮೋಟಾರಿನ ಮೈಮೇಲೆ ಅಂಟಿಸಿರುವ ಲೋಹಫಲಕವನ್ನು ನೋಡಿ ಬರೆಯತಕ್ಕದ್ದು. ಅಲ್ಲಿ ೪೧೫ ವೋಲ್ಟು, ೧೪.೫ ಆಂಪಿಯರು, ೫೦ ಹರ್ಟ್ಸ್, ೧೪೪೦ ಸುತ್ತು, ೭.೫ ಕಿಲೋವಾಟು ಎಂದಿದ್ದರೆ, ಇಲ್ಲಿಯೂ ಅದೇ ಇರಬೇಕು.

ಇದು ಬರಿಯ ನಕಲು ಕೆಲಸವೆಂದು ತೋರಬಹುದು. ಆದರೆ ೯೯೦೬ರಲ್ಲಿ ೧೪.೫ರ ಬದಲು ೨೨ ಎಂದು ಬರೆದರೆ ಏನಾಗುವುದೆಂಬುದನ್ನು ನೋಡಬೇಕು. ಮೋಟಾರು ಎಷ್ಟು ಕಾದಿದೆಯೆಂಬುದನ್ನು ಡ್ರೈವು ಹರಿಯುವ ಕರೆಂಟಿನಿಂದ ಊಹಿಸುತ್ತದೆ. ಅದರ ಊಹೆಗೆ ಆಧಾರವು ಈ ಸಂಖ್ಯೆ. ಸಂಖ್ಯೆಯು ದೊಡ್ಡದಾಗಿದ್ದರೆ, ಮೋಟಾರು ಸುಡುತ್ತಿರುವಾಗಲೂ ಡ್ರೈವು ಅದನ್ನು ಸುಖವಾಗಿದೆಯೆಂದು ತಿಳಿಯುವುದು. ‘೦೦೦೯’ ಎಂಬ ಅತಿತಾಪದ ದೋಷಸಂಖ್ಯೆಯು ಬರಬೇಕಾದ ಕಾಲಕ್ಕೆ ಬರುವುದಿಲ್ಲ. ಪದೇ ಪದೇ ಡ್ರೈವು ‘ಟ್ರಿಪ್’ ಆಗುವುದನ್ನು ತಪ್ಪಿಸಲೆಂದು ಈ ಸಂಖ್ಯೆಯನ್ನು ಏರಿಸುವವರು ಉಂಟು. ಜ್ವರವಿಲ್ಲವೆಂದು ತೋರಿಸುವುದಕ್ಕಾಗಿ ಜ್ವರಮಾಪಕದ ಗೆರೆಗಳನ್ನು ತಿದ್ದಿದಂತೆ ಇದು.

೨೨ನೆಯ ಗಣವು ವೇಗದ ಏರಿಳಿತಕ್ಕೆ ಸೇರಿದುದು. ೨೨೦೨ ಎಂಬುದು ಸೊನ್ನೆಯಿಂದ ಗರಿಷ್ಠ ಆವರ್ತನಕ್ಕೆ ಏರಲು ಹಿಡಿಯುವ ಕಾಲ; ೨೨೦೩ ಇಳಿಯಲು ಹಿಡಿಯುವ ಕಾಲ. ಗರಿಷ್ಠವೆಂದರೆ ಎಷ್ಟು? ಅದನ್ನು ೨೦೦೮ ಹೇಳುತ್ತದೆ. ೨೦೦೮ರಲ್ಲಿ ೫೦ ಹರ್ಟ್ಸ್, ೨೨೦೨ರಲ್ಲಿ ೨೦ ಸೆಕೆಂಡು ಎಂದಿದ್ದರೆ, ಮೋಟಾರು ೨೫ ಹರ್ಟ್ಸಿಗೆ ಏರುವುದಕ್ಕೆ ಹತ್ತು ಸೆಕೆಂಡು ಸಾಕು. ಒಂದು ಸಂಜ್ಞೆಯ ಅರ್ಥವು ಇನ್ನೊಂದು ಸಂಜ್ಞೆಯನ್ನು ಅಪೇಕ್ಷಿಸುವುದಕ್ಕೆ ಇದು ನಿದರ್ಶನ. ಏರುವ ಕಾಲವು ತೀರ ಕಡಮೆಯಾದರೆ ಕರೆಂಟು ಮಿತಿಮೀರಿ ‘೦೦೦೧’ ಎಂಬ ದೋಷಸಂಖ್ಯೆಯು ಮೂಡಬಹುದು. ಭಾರವಾದ ಫ್ಯಾನನ್ನು ತೀರ ಬೇಗ ಇಳಿಸಹೋದರೆ, ತಿರುಗುವ ರಭಸದಿಂದ ಮೋಟಾರೇ ವಿದ್ಯುತ್ತನ್ನು ಉತ್ಪಾದಿಸಿ ಡ್ರೈವಿಗೆ ಹಿಂದಿರುಗಿಸುವುದು; ಆಗ ಕೆಪ್ಯಾಸಿಟರುಗಳ ವೋಲ್ಟೇಜು ಏರಿ ‘೦೦೦೨’ ಎಂದು ಕಾಣಬಹುದು. ಸಂಖ್ಯೆಯನ್ನು ಅಳಿಸಿ ಮತ್ತೆ ಓಡಿಸುವುದು ಪರಿಹಾರವಲ್ಲ. ಕಾರಣವನ್ನು ಕಂಡುಹಿಡಿದು ಸರಿಪಡಿಸಿದ ಮೇಲೆಯೇ ಅಳಿಸತಕ್ಕದ್ದು.

೪. ಉತ್ಸರ್ಗ, ಅಪವಾದ, ಅತಿದೇಶ

ನೂರಾರು ಪ್ಯಾರಾಮೀಟರುಗಳಲ್ಲಿ ಒಂದೊಂದನ್ನೂ ನಾವೇ ಬರೆಯಬೇಕೆ? ಬೇಕಾಗಿಲ್ಲ. ಪ್ರತಿಯೊಂದಕ್ಕೂ ತಯಾರಕರು ಮೊದಲೇ ಒಂದು ಬೆಲೆಯನ್ನು ಇಟ್ಟಿರುತ್ತಾರೆ. ಶಾಸ್ತ್ರದ ಭಾಷೆಯಲ್ಲಿ ಅದು ಉತ್ಸರ್ಗ. ನಾವು ಬರೆಯುವುದು ಅಪವಾದ. ಅಪವಾದವಿಲ್ಲದೆಡೆಯಲ್ಲೆಲ್ಲ ಉತ್ಸರ್ಗವು ಪ್ರವರ್ತಿಸುತ್ತದೆ. ‘ಸೆಟ್’ ಗುರುತು ಕಾಣುತ್ತಿರುವಾಗ ಏರಿಸುವ ಇಳಿಸುವ ಗುಂಡಿಗಳೆರಡನ್ನೂ ಒಟ್ಟಿಗೆ ಒತ್ತಿದರೆ ಉತ್ಸರ್ಗದ ಬೆಲೆಯು ಕಾಣಿಸುವುದು. ತಿದ್ದಿ ಕೆಡಿಸಿದ ಪಾಠವನ್ನು ಮೂಲಕ್ಕೆ ತರಲು ಇದು ಉಪಕಾರಿ.

ಅತಿದೇಶವೂ ಇಲ್ಲಿ ಇದೆ. ೯೯೦೨ ಎಂಬ ಸಂಜ್ಞೆಯಲ್ಲಿ ಒಂದು ಸಂಖ್ಯೆಯನ್ನು ಆರಿಸಿದರೆ, ‘ಮ್ಯಾಕ್ರೋ’ ಎಂದು ಕರೆಯುವ ಒಂದು ಇಡಿಯ ವ್ಯವಸ್ಥೆಯು ಜಾರಿಗೆ ಬರುತ್ತದೆ: ಯಾವ ತಂತಿಯಿಂದ ಓಡುವ ಅಪ್ಪಣೆ, ಯಾವ ತಂತಿಯಿಂದ ವೇಗದ ಅಪ್ಪಣೆ ಎಂಬುದೆಲ್ಲ ಒಮ್ಮೆಗೇ ನಿರ್ಣಯವಾಗುತ್ತದೆ. ಆದರೆ ಇದರಲ್ಲಿ ಒಂದು ಎಚ್ಚರವು ಅವಶ್ಯಕ. ಮ್ಯಾಕ್ರೋವನ್ನು ಬದಲಿಸಿದೊಡನೆ ೯೯ನೆಯ ಗಣದ ಮೋಟಾರಿನ ವಿವರಗಳೇ ಮೊದಲಾದ ಕೆಲವನ್ನು ಬಿಟ್ಟು, ಇತರ ಬೆಲೆಗಳು ಆ ಮ್ಯಾಕ್ರೋವಿನ ಉತ್ಸರ್ಗಗಳಿಗೆ ಹಿಂದಿರುಗುತ್ತವೆ. ಮೊದಲು ೨೨೦೨ನ್ನು ತಿದ್ದಿ ಆಮೇಲೆ ೯೯೦೨ನ್ನು ಬದಲಿಸಿದವನ ಶ್ರಮವು ವ್ಯರ್ಥ. ಪೂರ್ವಾಪರಕ್ರಮವು ಅರ್ಥನಿರ್ಣಯದ ಅಂಗವೆಂಬುದು ಇಲ್ಲಿಯೂ ಸತ್ಯ.

ಒಂದು ಡ್ರೈವಿನ ಬೆಲೆಗಳನ್ನೆಲ್ಲ ಗುಂಡಿಫಲಕದೊಳಕ್ಕೆ ಪ್ರತಿಮಾಡಿಕೊಂಡು ಇನ್ನೊಂದಕ್ಕೆ ಇಳಿಸುವ ಸೌಕರ್ಯವೂ ಉಂಟು. ಹಸ್ತಪ್ರತಿಗಳ ವ್ಯವಹಾರವನ್ನು ಬಲ್ಲವರಿಗೆ ಇದರ ಅಪಾಯವು ಹೊಳೆಯದಿರದು. ಎರಡನೆಯ ಡ್ರೈವಿಗೆ ಬೇರೆ ಅಳತೆಯ ಮೋಟಾರು ಜೋಡಿಸಿದ್ದರೆ ಹಳೆಯ ಮೋಟಾರಿನ ವಿವರಗಳು ಹೊಸ ಮೋಟಾರಿಗೆ ಅಂಟಿಕೊಳ್ಳುವುವು. ಇದನ್ನು ಊಹಿಸಿಯೇ ತಯಾರಕರು ಮೋಟಾರಿನ ವಿವರಗಳನ್ನು ಬಿಟ್ಟು ಉಳಿದುದನ್ನು ಮಾತ್ರ ಇಳಿಸುವ ಮಾರ್ಗವನ್ನೂ ಇಟ್ಟಿದ್ದಾರೆ.

೫. ‘ನಿಲ್ಲಿಸು’ ಎಂಬ ಶಬ್ದದ ವಿಚಾರ

ಈಗ ಪ್ರಕೃತ ವಿಷಯಕ್ಕೆ ಬರೋಣ. ‘ಸ್ಟಾಪ್’ ಎಂದರೆ ‘ನಿಲ್ಲಿಸು’. ಇದಕ್ಕಿಂತ ಸರಳವಾದ ಶಬ್ದ ಯಾವುದಿದೆ? ಆದರೆ ಪರಿಶೀಲಿಸಿದರೆ ಈ ಒಂದು ಶಬ್ದದಲ್ಲಿ ಮೂರು ಗ್ರಂಥಿಗಳು ಕಾಣುತ್ತವೆ.

ಮೊದಲನೆಯದು, ನಿಲ್ಲುವ ಬಗೆ. ೨೧೦೨ ಎಂಬ ಸಂಜ್ಞೆಯಲ್ಲಿ ೧ ಎಂದಿದ್ದರೆ, ಗುಂಡಿಯನ್ನು ಒತ್ತಿದೊಡನೆ ಡ್ರೈವು ಮೋಟಾರಿಗೆ ವಿದ್ಯುತ್ತನ್ನು ನಿಲ್ಲಿಸಿಬಿಡುತ್ತದೆ. ಮೋಟಾರು ತನ್ನ ರಭಸವು ತೀರುವವರೆಗೆ ಸುತ್ತಿ ತಾನಾಗಿಯೇ ನಿಲ್ಲುತ್ತದೆ. ೨ ಎಂದಿದ್ದರೆ ೨೨೦೩ರಲ್ಲಿ ಹೇಳಿದ ಕಾಲದಲ್ಲಿ ಕ್ರಮವಾಗಿ ವೇಗವನ್ನು ಇಳಿಸಿ ನಿಲ್ಲಿಸುತ್ತದೆ. ಉತ್ಸರ್ಗವು ೧. ಆದುದರಿಂದ ೨೨೦೩ರಲ್ಲಿ ಎಷ್ಟು ಸೆಕೆಂಡು ಬರೆದರೂ ೨೧೦೨ನ್ನು ತಿದ್ದದಿದ್ದರೆ ನಿಲ್ಲುವಾಗ ಅದು ಕೆಲಸಕ್ಕೆ ಬಾರದು. ಭಾರವಾದ ಫ್ಯಾನು ಅಪ್ಪಣೆಯಾದ ಬಳಿಕವೂ ಬಹಳ ಹೊತ್ತು ತಿರುಗುತ್ತಲೇ ಇರುವುದು.

ಎರಡನೆಯದು, ಅಧಿಕಾರ. ಪಾಣಿನಿಯ ಅಷ್ಟಾಧ್ಯಾಯಿಯಲ್ಲಿ ಮೂರನೆಯ ಅಧ್ಯಾಯದ ಆರಂಭದಲ್ಲಿ ‘ಪ್ರತ್ಯಯ’ ಎಂಬ ಅಧಿಕಾರವು ಹೊರಟು ಐದನೆಯ ಅಧ್ಯಾಯದ ಕೊನೆಯವರೆಗೆ ನಡೆಯುತ್ತದೆ. ಆ ಎಲ್ಲೆಯೊಳಗೆ ವಿಧಿಸಿದುದು ಪ್ರತ್ಯಯವೆನಿಸುವುದು. ಹೊರಗೆ ಆ ಅಧಿಕಾರಕ್ಕೆ ಬಲವಿಲ್ಲ. ಸೂತ್ರವನ್ನು ಅದರ ಅಧಿಕಾರದಿಂದ ಕಿತ್ತು ಓದಿದರೆ ಅರ್ಥವೇ ಆಗದು. ಗುಂಡಿಫಲಕದಲ್ಲಿಯೂ ಎರಡು ಅಧಿಕಾರಗಳುಂಟು. ಪರದೆಯ ಎಡಮೂಲೆಯಲ್ಲಿ ‘ಲೋಕ್’ ಎಂದು ಕಂಡರೆ ಅಪ್ಪಣೆಯು ಈ ಫಲಕದ ಗುಂಡಿಗಳದು. ‘ರೆಮ್’ ಎಂದು ಕಂಡರೆ ಅಪ್ಪಣೆಯು ಹೊರಗಿನದು: ಬೇರೆ ಕೋಣೆಯ ಸ್ವಿಚ್ಚಿನದಾಗಿರಬಹುದು, ಕಂಪ್ಯೂಟರಿನದಾಗಿರಬಹುದು. ಯಾವ ತಂತಿಯಿಂದ ಬರುವ ಅಪ್ಪಣೆಯನ್ನು ಮನ್ನಿಸಬೇಕೆಂಬುದನ್ನು ೧೦೦೧ ಎಂಬ ಸಂಜ್ಞೆಯು ಹೇಳುತ್ತದೆ. ಈ ಎರಡನೆಯ ಅಧಿಕಾರವು ನಡೆಯುತ್ತಿರುವಾಗ ಫಲಕದ ಮೇಲಿನ ‘ಸ್ಟಾಪ್’ ಗುಂಡಿಯು ಮೋಟಾರನ್ನು ನಿಲ್ಲಿಸದು. ಈ ಮಾತನ್ನು ಎ.ಸಿ.ಎಸ್. ೫೫೦ರ ಕೈಪಿಡಿಯು ಎಚ್ಚರಿಕೆಯ ರೂಪದಲ್ಲಿ ಸ್ಪಷ್ಟವಾಗಿಯೇ ಹೇಳಿದೆ: ಮೊದಲು ‘ಲೋಕಲ್–ರಿಮೋಟ್’ ಗುಂಡಿಯನ್ನು ಒತ್ತಿ ಅಧಿಕಾರವನ್ನು ಇಲ್ಲಿಗೆ ತಂದುಕೊಂಡು, ಆಮೇಲೆ ‘ಸ್ಟಾಪ್’ ಒತ್ತತಕ್ಕದ್ದು. ಇಲ್ಲಿಯೂ ಹ್ರಸ್ವದೀರ್ಘಗಳ ಭೇದವಿದೆ. ಅಧಿಕಾರದ ಗುಂಡಿಯನ್ನು ಚುಟುಕಾಗಿ ಒತ್ತಿ ಬಿಟ್ಟರೆ ಡ್ರೈವು ನಿಲ್ಲುವುದು. ಎರಡು ಸೆಕೆಂಡು ಹಿಡಿದರೆ ಅಧಿಕಾರವು ಬದಲಾದರೂ ಮೋಟಾರು ಮೊದಲಿನಂತೆ ಓಡುತ್ತಲೇ ಇರುವುದು. ಗಿರಣಿಯ ಡ್ರೈವು ಬೇರೆ ತಯಾರಕರದಾದರೂ ಅಲ್ಲಿ ನಡೆದುದು ಈ ಅಧಿಕಾರಭ್ರಮೆಯೇ. ಪರದೆಯ ಮೂಲೆಯ ಮೂರಕ್ಷರವನ್ನು ನೋಡಬೇಕೆಂದು ಆ ಕೆಲಸಗಾರನಿಗೆ ಯಾರೂ ಹೇಳಿರಲಿಲ್ಲ.

ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದುದು. ‘ನಿಂತಿದೆ’ ಎಂಬುದಕ್ಕೂ ‘ನಿರ್ವಿದ್ಯುತ್ತಾಗಿದೆ’ ಎಂಬುದಕ್ಕೂ ಅರ್ಥಭೇದವುಂಟು. ಮೋಟಾರು ನಿಂತಿರುವಾಗಲೂ ಡ್ರೈವಿನೊಳಗೆ ವಿದ್ಯುತ್ತು ಇದ್ದೇ ಇದೆ. ಹೊರಗಿನಿಂದ ಒಂದು ಅಪ್ಪಣೆಯು ಬಂದರೆ ಮೋಟಾರು ಮತ್ತೆ ಹೊರಡಬಹುದು. ಮುಖ್ಯ ಸ್ವಿಚ್ಚನ್ನು ತೆಗೆದ ಮೇಲೂ ಕೆಪ್ಯಾಸಿಟರುಗಳಲ್ಲಿ ಪ್ರಾಣಾಂತಿಕವಾದ ವೋಲ್ಟೇಜು ಉಳಿದಿರುತ್ತದೆ. ಕನಿಷ್ಠ ಐದು ನಿಮಿಷ ಕಾದು, ಅಳೆದು ನೋಡಿ, ಆಮೇಲೆ ಮುಚ್ಚಳಕ್ಕೆ ಕೈಹಚ್ಚಬೇಕೆಂದು ಇದೇ ಕೈಪಿಡಿಯ ವಿಧಿ. ದೊಡ್ಡ ಡ್ರೈವುಗಳಿಗೆ ಇನ್ನೂ ಹೆಚ್ಚು ಕಾಲ ಬೇಕಾಗಬಹುದು. ಗಿರಣಿಯಲ್ಲಿ ಆ ದಿನ ಪರದೆಯು ಕತ್ತಲಾದೊಡನೆ ಮುಚ್ಚಳವನ್ನು ಬಿಚ್ಚಲು ಹೊರಟವನ ಕೈಯನ್ನು ವಿದ್ಯುತ್ಕೆಲಸದವನು ಹಿಡಿದು ನಿಲ್ಲಿಸದಿದ್ದರೆ ಏನಾಗುತ್ತಿತ್ತೋ ಹೇಳಲಾಗದು. ಗುಂಡಿಫಲಕದ ‘ಸ್ಟಾಪ್’ ತುರ್ತುನಿಲುಗಡೆಯೂ ಅಲ್ಲ. ಅದಕ್ಕೆ ಪ್ರತ್ಯೇಕವಾದ ಸಾಧನವಿರಬೇಕು.

೬. ಕನ್ನಡದ ಪರಿಭಾಷೆ

ಸೂಚನಾಪತ್ರವನ್ನು ಬರೆಯಲು ಕುಳಿತಾಗ ನನ್ನ ಅಭ್ಯಾಸದಂತೆ ಸಂಸ್ಕೃತಪದಗಳೇ ಮೊದಲು ತೋರಿದುವು. ‘ಲೋಕಲ್’ ಎಂಬುದಕ್ಕೆ ‘ಸ್ಥಾನಿಕ’, ‘ರಿಮೋಟ್’ ಎಂಬುದಕ್ಕೆ ‘ದೂರಸ್ಥ’ ಎಂದು ಬರೆದು ಓದಿ ಹೇಳಿದೆನು. ಆ ಕೆಲಸಗಾರನು ವಿನಯದಿಂದ, “ಸ್ಥಾನಿಕರು ಅಂದ್ರೆ ದೇವಸ್ಥಾನದೋರಲ್ವಾ ಸ್ವಾಮಿ?” ಎಂದನು. “ಹಾಗಾದರೆ ನೀನು ಏನೆಂದು ಹೇಳುವೆಯಪ್ಪಾ?” ಎಂದು ಕೇಳಿದೆನು. “‘ಇಲ್ಲಿಂದ’, ‘ಹೊರಗಿಂದ’ ಅಂತ ಬರೀರಿ ಸ್ವಾಮಿ, ಎಲ್ರಿಗೂ ಗೊತ್ತಾಗ್ತದೆ” ಎಂದನು. ನನ್ನ ಪದಗಳು ವ್ಯುತ್ಪತ್ತಿಯಲ್ಲಿ ನಿರ್ದುಷ್ಟವಾಗಿದ್ದುವು. ಅವನ ಪದಗಳು ಕೈಯನ್ನು ಉಳಿಸುವಂಥವು. ಅವನ್ನೇ ಬರೆದೆನು.

ಭಟ್ಟಾಕಳಂಕನು ೧೬೦೪ರಲ್ಲಿ ಕನ್ನಡದ ವ್ಯಾಕರಣವನ್ನು ೫೯೨ ಸಂಸ್ಕೃತಸೂತ್ರಗಳಲ್ಲಿ ಅಡಕಮಾಡಿದನು. ಆದರೆ ಸೂತ್ರಗಳಷ್ಟನ್ನೇ ಬಿಟ್ಟುಹೋಗಲಿಲ್ಲ, ವೃತ್ತಿಯನ್ನೂ ವ್ಯಾಖ್ಯಾನವನ್ನೂ ತಾನೇ ರಚಿಸಿದನು. ಸೂತ್ರವು ಎಷ್ಟು ಲಘುವೋ ವೃತ್ತಿಯು ಅಷ್ಟು ಅವಶ್ಯಕ. ಗುಂಡಿಫಲಕದ ವೃತ್ತಿಯೆಂದರೆ ಅದರ ಕೈಪಿಡಿ. ಗಿರಣಿಯಲ್ಲಿ ಅದು ಇಂಗ್ಲಿಷಿನಲ್ಲಿ, ಬೀಗಹಾಕಿದ ಬೀರುವಿನಲ್ಲಿತ್ತು. ಕೆಲಸಗಾರನ ಬಳಿ ಇದ್ದುದು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದ ನಾಲ್ಕು ಸಂಖ್ಯೆಗಳು ಮಾತ್ರ. ಅವನು ಸಂಜ್ಞೆಗಳನ್ನು ಬಲ್ಲವನು, ಅಧಿಕಾರವನ್ನು ಬಲ್ಲವನಲ್ಲ. ಈ ಕೊರತೆಯು ಅವನದಲ್ಲ.

ಈಗ ಆ ಪೆಟ್ಟಿಗೆಯ ಪಕ್ಕದಲ್ಲಿ ಅಂಟಿಸಿರುವ ಪತ್ರದಲ್ಲಿ ಎಂಟು ವಾಕ್ಯಗಳಿವೆ. ಪರದೆಯ ಮೂಲೆಯನ್ನು ಮೊದಲು ನೋಡು. ‘ಹೊರಗಿಂದ’ ಎಂದಿದ್ದರೆ ಈ ಸ್ಟಾಪ್ ಗುಂಡಿ ನಿಲ್ಲಿಸದು. ಅಪಾಯವಾದರೆ ಗೋಡೆಯ ಕೆಂಪು ತುರ್ತುಗುಂಡಿಯನ್ನು ಒತ್ತು. ನಿಂತ ಮೋಟಾರು ಮತ್ತೆ ಹೊರಡಬಹುದು. ಮುಖ್ಯ ಸ್ವಿಚ್ಚು ತೆಗೆದು ಬೀಗಹಾಕದೆ ಬೆಲ್ಟನ್ನು ಮುಟ್ಟಬೇಡ. ಪರದೆ ಕತ್ತಲಾದ ಮೇಲೂ ಒಳಗೆ ವಿದ್ಯುತ್ತಿದೆ. ವಿದ್ಯುತ್ಕೆಲಸದವನು ಬರದೆ ಮುಚ್ಚಳ ತೆಗೆಯಬೇಡ. ದೋಷದ ಸಂಖ್ಯೆ ಕಂಡರೆ ಅಳಿಸುವ ಮೊದಲು ಬರೆದಿಡು.

ಕೆಂಪು ತುರ್ತುಗುಂಡಿಯನ್ನು ಆ ಅವಘಡದ ತರುವಾಯ ಹಾಕಿಸಲಾಯಿತು. ಪರಿಭಾಷಾನಿರ್ಮಾಣದಲ್ಲಿ ತೊಡಗಿರುವ ವಿದ್ವಾಂಸರೂ, ಶಾಲೆಗಳಲ್ಲಿ ಭಾಷೆಯನ್ನು ಕಲಿಸುವ ಉಪಾಧ್ಯಾಯರೂ ತಮ್ಮ ತಮ್ಮ ಊರಿನ ಗಿರಣಿಗೋ ಪಂಪುಮನೆಗೋ ಒಮ್ಮೆ ಹೋಗಿ, ಅಲ್ಲಿಯ ಗುಂಡಿಫಲಕವನ್ನೂ ಅದನ್ನು ನಡೆಸುವವರ ಮಾತನ್ನೂ ಗಮನಿಸಿ, ಇಂಥ ಪತ್ರಗಳನ್ನು ಬರೆದುಕೊಡಬೇಕೆಂದು ಪ್ರಾರ್ಥಿಸುವೆನು. ಮೇಲಿನ ಎಂಟು ವಾಕ್ಯಗಳಲ್ಲಿ ದೋಷವು ಕಂಡುಬಂದರೆ ತಿಳಿಸಿದವರಿಗೆ ಕೃತಜ್ಞನಾಗಿರುವೆನು. ಗೋಡೆಯ ಮೇಲಿನ ಪತ್ರವನ್ನು ತಿದ್ದುವುದು ಸುಲಭ.